ಆಟಕ್ಕೂ ಸೈ, ಚಿತ್ರಕ್ಕೂ ಸೈ: ನಿಮಗೊಪ್ಪುವ ಲಿನಕ್ಸ್ ಯಾವುದು?

2025ರ ದೀಪಾವಳಿಗೆ ಶಿವಮೊಗ್ಗಕ್ಕೆ ಹೋದಾಗ ಅಕ್ಕನ ಮನೆಯಲ್ಲಿ ಹೋಳಿಗೆಗಿಂತ ಮೊದಲು ನನ್ನ ಮುಂದೆ ಬಂದದ್ದು ಒಂದು ಲ್ಯಾಪ್‌ಟಾಪ್. 2017ರಲ್ಲಿ ಕೊಂಡದ್ದು. ಏಳನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್, 8 ಜಿಬಿ ರ‍್ಯಾಮ್, ಜೊತೆಗೆ ಎನ್‌ವಿಡಿಯಾ 940ಎಂಎಕ್ಸ್ ಎಂಬ ಪುಟ್ಟ ಗ್ರಾಫಿಕ್ಸ್ ಚಿಪ್. ಅಕ್ಕನ ಮಗಳು ದ್ವಿತೀಯ ಪಿಯು ಓದುತ್ತಿದ್ದಾಳೆ, ಅವಳಿಗೆ ಚಿತ್ರ ಬಿಡಿಸುವ ಹುಚ್ಚು. ಅವಳ ತಮ್ಮ ಒಂಬತ್ತನೇ ತರಗತಿ, ಅವನಿಗೆ ಆಟದ ಹುಚ್ಚು. ಇಬ್ಬರಿಗೂ ಸೇರಿ ಮನೆಯಲ್ಲಿರುವುದು ಇದೊಂದೇ.

‘ವಿಂಡೋಸ್ ಹತ್ತು ಮುಗೀತಂತೆ, ಹನ್ನೊಂದು ಇದಕ್ಕೆ ಬರಲ್ವಂತೆ. ಅಂಗಡಿಯವರು ಹೊಸದೇ ತಗೊಳ್ಳಿ ಅಂದ್ರು. ಮಾಮ, ಇದು ನಿಜವಾಗ್ಲೂ ಹಾಳಾಗಿದ್ಯಾ?’ ಎಂದು ಕೇಳಿದಳು.

ಹಾಳಾಗಿರಲಿಲ್ಲ. ಹಿಂದಿನ ವಾರವಷ್ಟೇ, ಅಕ್ಟೋಬರ್ 14ರಂದು, ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ನಿಲ್ಲಿಸಿತ್ತು. ಷರತ್ತುಗಳ ಮೇಲೆ ಇನ್ನೊಂದು ವರ್ಷದ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಅಷ್ಟೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದ ಮುಂದಿನ ಪ್ರೊಸೆಸರ್‌ಗಳನ್ನು. ಏಳನೆಯದರಲ್ಲಿ ಒಪ್ಪಿಕೊಂಡದ್ದು ಬೆರಳೆಣಿಕೆಯಷ್ಟು. ಒಂದು ತಲೆಮಾರಿನ ಅಂತರದಲ್ಲಿ ಈ ಲ್ಯಾಪ್‌ಟಾಪ್ ಪಟ್ಟಿಯ ಹೊರಗೆ ಉಳಿದಿತ್ತು.

‘ಲಿನಕ್ಸ್ ಹಾಕೋಣ’ ಎಂದೆ. ಹಾಕಿದೆ. ಆದರೆ ನಾನು ದಿನವೂ ಬಳಸುವುದನ್ನೇ ಅವಳಿಗೂ ಹಾಕಿದೆ. ವಾರ ವಾರವೂ ಹೊಚ್ಚಹೊಸ ತಂತ್ರಾಂಶ ತಂದುಕೊಡುವ, ಕೈ ಪಳಗಿದವರಿಗೆ ಹಿತವಾದ ಒಂದು ಆವೃತ್ತಿ. ನಾನು ಬೆಂಗಳೂರಿಗೆ ಮರಳಿ ಒಂದು ವಾರವಾಗಿತ್ತಷ್ಟೆ, ರಾತ್ರಿ ಒಂಬತ್ತಕ್ಕೆ ಫೋನ್ ಬಂತು. ‘ಮಾಮ, ಸ್ಕ್ರೀನ್ ಪೂರ್ತಿ ಕಪ್ಪಗಾಗಿದೆ. ಅಪ್‌ಡೇಟ್ ಅಂತ ಬಂತು, ಒತ್ತಿದೆ. ನಾಳೆ ಬೆಳಿಗ್ಗೆ ರಾಜ್ಯೋತ್ಸವದ ಪೋಸ್ಟರ್ ಫ್ಲೆಕ್ಸ್ ಅಂಗಡಿಗೆ ಕೊಡ್ಬೇಕು.’ ದನಿಯಲ್ಲಿ ಅಳು ತುಂಬಿತ್ತು.

ಹೊಸ ಕರ್ನಲ್ ಬಂದಿತ್ತು, ಅದಕ್ಕೆ ಎನ್‌ವಿಡಿಯಾ ಡ್ರೈವರ್ ಹೊಂದಿಕೊಂಡಿರಲಿಲ್ಲ. ನನಗೆ ಅದು ಹತ್ತು ನಿಮಿಷದ ಕೆಲಸ, ಅವಳಿಗೆ ಕತ್ತಲೆ. ಆ ರಾತ್ರಿ ಪೋಸ್ಟರ್ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ. ಆದರೆ ಈ ಲೇಖನದ ಮಾತು ಅಲ್ಲೇ ಹುಟ್ಟಿತು. ಹೊಸಬರಿಗೆ ಲಿನಕ್ಸ್ ಆರಿಸುವಾಗ ‘ಯಾವುದು ಎಲ್ಲಕ್ಕಿಂತ ಒಳ್ಳೆಯದು’ ಎಂದು ಕೇಳಬಾರದು. ಮೂರು ಪ್ರಶ್ನೆ ಕೇಳಬೇಕು: ನಿಮ್ಮ ಯಂತ್ರ ಯಾವುದು? ನೀವು ಆಡುವ ಆಟ ಯಾವುದು? ನೀವು ಮಾಡುವ ಕಲೆ ಯಾವುದು? ಉತ್ತರ ಈ ಮೂರರಿಂದ ತಾನಾಗಿ ಬರುತ್ತದೆ.

ಬೇಳೆ ಒಂದೇ, ಸಾರು ಹಲವು

ಲಿನಕ್ಸ್ ಎಂಬುದು ಮೂಲತಃ ಒಂದು ಕರ್ನಲ್. ಪ್ರೊಸೆಸರ್, ಮೆಮೊರಿ, ಡಿಸ್ಕ್, ಕೀಲಿಮಣೆ ಇವೆಲ್ಲವನ್ನೂ ತಂತ್ರಾಂಶಗಳಿಗೆ ಹಂಚಿಕೊಡುವ ತಿರುಳು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದನ್ನು ಬರೆಯತೊಡಗಿದರು. ಅದಕ್ಕೂ ಮೊದಲೇ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿ ಉಳಿದ ಸಲಕರಣೆಗಳನ್ನು ಕಟ್ಟಲು ಹೊರಟಿದ್ದರು. ಎರಡೂ ಸೇರಿ ಪೂರ್ಣ ವ್ಯವಸ್ಥೆಯಾಯಿತು. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ಮಾಡಿ ಇನ್ನೊಬ್ಬರಿಗೆ ಕೊಡಬಹುದು. ಮುಕ್ತ ತಂತ್ರಾಂಶ ಎನ್ನುವುದು ಇದಕ್ಕೇ.

ಹೀಗೆ ಯಾರು ಬೇಕಾದರೂ ಕಟ್ಟಬಹುದಾದ್ದರಿಂದ ನೂರಾರು ರೂಪಗಳು ಹುಟ್ಟಿದವು. ಅವನ್ನೇ ಡಿಸ್ಟ್ರೋ ಎನ್ನುತ್ತಾರೆ. ಬೇಳೆ ಎಲ್ಲರ ಮನೆಯಲ್ಲೂ ತೊಗರಿಯೇ. ಆದರೆ ಉಡುಪಿಯ ಸಾರಿಗೆ ಒಂದು ರುಚಿ, ಮೈಸೂರಿನದಕ್ಕೆ ಇನ್ನೊಂದು, ಬಯಲುಸೀಮೆಯದಕ್ಕೆ ಮತ್ತೊಂದು. ಡಿಸ್ಟ್ರೋಗಳೂ ಹಾಗೆಯೇ. ಒಳಗಿನ ಕರ್ನಲ್ ಒಂದೇ. ಮೇಲೆ ಕಾಣುವ ಡೆಸ್ಕ್‌ಟಾಪ್, ಮೊದಲೇ ಸೇರಿಸಿಟ್ಟ ತಂತ್ರಾಂಶ, ಅಪ್‌ಡೇಟ್ ಬರುವ ವೇಗ, ತೊಂದರೆಯಾದಾಗ ಹಿಂದಕ್ಕೆ ಹೋಗುವ ದಾರಿ ಇವಿಷ್ಟು ಬೇರೆ. ಹೊಸಬರಿಗೆ ಮುಖ್ಯವಾಗುವುದು ಕಡೆಯ ಎರಡು.

ಮೊದಲು ಯಂತ್ರ ನೋಡಿ

ರ‍್ಯಾಮ್ 4 ಜಿಬಿ ಇದ್ದರೆ ಬರಹ, ಬ್ರೌಸರ್, ಸಣ್ಣಪುಟ್ಟ ಚಿತ್ರಕೆಲಸ ನಡೆಯುತ್ತದೆ. ಆಟ, ವಿಡಿಯೊ ಎಡಿಟಿಂಗ್ ಎಂದರೆ 8 ಬೇಕು, 16 ಇದ್ದರೆ ನೆಮ್ಮದಿ. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಅದನ್ನು ಎಸ್‌ಎಸ್‌ಡಿಗೆ ಬದಲಾಯಿಸಿ. ಅಕ್ಕನ ಮನೆಯ ಲ್ಯಾಪ್‌ಟಾಪ್‌ಗೆ ಹೊಸ ಜೀವ ಬಂದದ್ದರಲ್ಲಿ ಅರ್ಧ ಪಾಲು ಎಸ್‌ಎಸ್‌ಡಿಯದು.

ಆಟಕ್ಕೆ ಮುಖ್ಯ ಗ್ರಾಫಿಕ್ಸ್. ಎಎಂಡಿ ಮತ್ತು ಇಂಟೆಲ್ ಗ್ರಾಫಿಕ್ಸ್‌ನ ಡ್ರೈವರ್‌ಗಳು ಮುಕ್ತವಾಗಿದ್ದು ಡಿಸ್ಟ್ರೋ ಜೊತೆಗೇ ಬರುತ್ತವೆ. ನೀವು ಏನನ್ನೂ ಹುಡುಕಬೇಕಿಲ್ಲ. ಎನ್‌ವಿಡಿಯಾದ ಕತೆ ಬೇರೆ. ಆಟಕ್ಕೆ ಅದರ ಸ್ವಂತ ಡ್ರೈವರ್ ಪ್ರತ್ಯೇಕವಾಗಿ ಹಾಕಬೇಕು. ಅಲ್ಲದೆ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಕಾಲದ ಹಳೆಯ ಚಿಪ್‌ಗಳಿಗೆ 580ನೇ ಸರಣಿಯ ಡ್ರೈವರೇ ಕೊನೆಯದು ಎಂದು ಕಂಪನಿ ಹೇಳಿದೆ. ನಮ್ಮ 940ಎಂಎಕ್ಸ್ ಆ ಗುಂಪಿನದು. ಇಂಥ ಯಂತ್ರಕ್ಕೆ ಹಳೆಯ ಸರಣಿಯ ಡ್ರೈವರ್ ಅನ್ನೂ ಉಳಿಸಿಕೊಂಡು, ‘ಡ್ರೈವರ್ ಮ್ಯಾನೇಜರ್’ ಎಂಬ ಒಂದೇ ಕಿಟಕಿಯಲ್ಲಿ ತೋರಿಸುವ ಡಿಸ್ಟ್ರೋ ಬೇಕು. ಸದಾ ಹೊಸದರ ಬೆನ್ನು ಹತ್ತುವುದು ಇದಕ್ಕೆ ಒಗ್ಗದು.

ಇನ್ನೂ ಹಳೆಯ, ಅಂದರೆ ಇಂಟೆಲ್‌ನ ನಾಲ್ಕನೇ ತಲೆಮಾರು ಮತ್ತು ಅದಕ್ಕೂ ಹಿಂದಿನ ಯಂತ್ರದಲ್ಲಿ ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲದಿದ್ದರೆ ವಿಂಡೋಸ್ ಆಟಗಳ ಆಸೆ ಬಿಡುವುದು ಒಳ್ಳೆಯದು. ಕಾರಣ ಮುಂದೆ ಬರುತ್ತದೆ. ಚಿತ್ರ, ಬರಹ, ಹಾಡಿಗೆ ಅವು ಇನ್ನೂ ಚೆನ್ನಾಗಿ ದುಡಿಯುತ್ತವೆ.

ಆಟ ಓಡುವುದು ಹೇಗೆ?

‘ಲಿನಕ್ಸ್‌ನಲ್ಲಿ ಆಟ ಆಡಲಾಗದು’ ಎಂಬ ಮಾತು ಹತ್ತು ವರ್ಷದ ಹಿಂದೆ ಹೆಚ್ಚುಕಡಿಮೆ ನಿಜವಾಗಿತ್ತು. ವಾಲ್ವ್ ಕಂಪನಿಯ ಸ್ಟೀಮ್ 2013ರಲ್ಲೇ ಲಿನಕ್ಸ್‌ಗೆ ಬಂದರೂ ಹೆಚ್ಚಿನ ಆಟಗಳು ವಿಂಡೋಸ್‌ಗಷ್ಟೇ ಬರೆದವು. ದೊಡ್ಡ ತಿರುವು ಬಂದದ್ದು 2018ರ ಆಗಸ್ಟ್‌ನಲ್ಲಿ. ಕೋಡ್‌ವೀವರ್ಸ್ ಜೊತೆ ಸೇರಿ ವಾಲ್ವ್ ‘ಪ್ರೋಟಾನ್’ ಬಿಡುಗಡೆ ಮಾಡಿತು.

ಅದರ ಕೆಲಸ ದುಭಾಷಿಯದು. ವಿಂಡೋಸ್‌ಗೆ ಬರೆದ ಆಟ ‘ಈ ಕಡತ ತೆರೆ’, ‘ಈ ಸದ್ದು ಹೊರಡಿಸು’, ‘ಇಲ್ಲೊಂದು ತ್ರಿಕೋನ ಬಿಡಿಸು’ ಎಂದು ವಿಂಡೋಸ್ ಭಾಷೆಯಲ್ಲಿ ಕೇಳುತ್ತದೆ. 1993ರಲ್ಲಿ ಶುರುವಾದ ವೈನ್ ಎಂಬ ಮುಕ್ತ ತಂತ್ರಾಂಶ ಆ ಕೋರಿಕೆಗಳನ್ನು ಲಿನಕ್ಸ್‌ಗೆ ತಿಳಿಯುವಂತೆ ದಾಟಿಸುತ್ತದೆ. ಡಿಎಕ್ಸ್‌ವಿಕೆ ಎಂಬ ಇನ್ನೊಂದು, ಡೈರೆಕ್ಟ್‌ಎಕ್ಸ್‌ನ ಚಿತ್ರ ಸೂಚನೆಗಳನ್ನು ವಲ್ಕನ್ ಎಂಬ ಮುಕ್ತ ಗ್ರಾಫಿಕ್ಸ್ ಭಾಷೆಗೆ ತಿರುಗಿಸುತ್ತದೆ. ಇವೆರಡೂ ಪ್ರೋಟಾನ್‌ನೊಳಗೆ ಇವೆ. ಇಡೀ ವಿಂಡೋಸ್ ಅನ್ನು ನಟಿಸುವ ಹೊರೆ ಇಲ್ಲದ್ದರಿಂದ ವೇಗ ಹೆಚ್ಚು ಕುಂದುವುದಿಲ್ಲ. ಹಳೆಯ ಇಂಟೆಲ್ ಗ್ರಾಫಿಕ್ಸ್‌ಗೆ ಈ ಆಟಗಳು ಒಲಿಯದಿರುವುದಕ್ಕೂ ಇದೇ ಕಾರಣ, ಅವಕ್ಕೆ ವಲ್ಕನ್ ಪೂರ್ತಿಯಾಗಿ ಬರುವುದಿಲ್ಲ.

2022ರ ಫೆಬ್ರುವರಿಯಲ್ಲಿ ವಾಲ್ವ್ ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ ಮಾರುಕಟ್ಟೆಗೆ ಬಿಟ್ಟಿತು. ಅದರೊಳಗಿರುವುದು ಲಿನಕ್ಸೇ. ಆ ಒಂದು ಯಂತ್ರಕ್ಕಾಗಿ ಮಾಡಿದ ದುರಸ್ತಿಗಳ ಫಲ ಎಲ್ಲ ಡಿಸ್ಟ್ರೋಗಳಿಗೂ ಸಿಕ್ಕಿತು. 2025ರ ಅಕ್ಟೋಬರ್‌ನ ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಆಟಗಾರರ ಪಾಲು ಮೊದಲ ಬಾರಿಗೆ ಶೇ 3 ದಾಟಿತು. ಸಂಖ್ಯೆ ಸಣ್ಣದೇ, ಆದರೆ ದಾರಿ ಸವೆದಿದೆ.

ಬಳಕೆಯಲ್ಲಿ ಇದು ಸುಲಭ. ಸ್ಟೀಮ್ ಹಾಕಿ, ನಿಮ್ಮ ಖಾತೆಯಿಂದ ಒಳಹೋಗಿ, ಸೆಟ್ಟಿಂಗ್ಸ್‌ನ ‘ಕಂಪ್ಯಾಟಿಬಿಲಿಟಿ’ ವಿಭಾಗ ನೋಡಿ, ಆಟ ಇನ್‌ಸ್ಟಾಲ್ ಮಾಡಿ. ಸ್ಟಾರ್ಡ್ಯೂ ವ್ಯಾಲಿ, ಹಾಲೋ ನೈಟ್, ಡೋಟಾ 2, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿ ಇವು ದುಭಾಷಿಯೂ ಬೇಡದೆ ನೇರವಾಗಿ ಓಡುತ್ತವೆ. ಎಪಿಕ್, ಜಿಒಜಿ ಅಂಗಡಿಗಳ ಆಟಗಳಿಗೆ ಹೀರೋಯಿಕ್ ಎಂಬ ಲಾಂಚರ್ ಇದೆ. ಹಣ ಕೊಡದೆ ಆಡಲು ಸೂಪರ್‌ಟಕ್ಸ್‌ಕಾರ್ಟ್, 0 ಎ.ಡಿ., ಲುವಾಂಟಿ ಮುಂತಾದ ಮುಕ್ತ ಆಟಗಳಿವೆ.

ಎರಡು ಕಿವಿಮಾತು. ಪ್ರೋಟಾನ್‌ನಲ್ಲಿ ಮೊದಲ ಸಲ ಆಡುವಾಗ ಆಟ ಅಲ್ಲಲ್ಲಿ ತಡವರಿಸಬಹುದು. ಗ್ರಾಫಿಕ್ಸ್‌ಗೆ ಬೇಕಾದ ಶೇಡರ್‌ಗಳು ಆಗಷ್ಟೇ ಸಿದ್ಧವಾಗುತ್ತಿರುತ್ತವೆ, ಆಮೇಲೆ ಸರಿಹೋಗುತ್ತದೆ. ಇನ್ನೊಂದು, ವಿಂಡೋಸ್‌ನ ಎನ್‌ಟಿಎಫ್‌ಎಸ್ ಡ್ರೈವ್‌ನಲ್ಲಿದ್ದ ಹಳೆಯ ಆಟಗಳನ್ನು ಅಲ್ಲಿಂದಲೇ ಓಡಿಸಲು ಹೋಗಬೇಡಿ. ಕಡತದ ಹೆಸರು, ಅನುಮತಿಗಳ ವಿಷಯದಲ್ಲಿ ಪ್ರೋಟಾನ್ ಅಲ್ಲಿ ಎಡವುತ್ತದೆ. ಲಿನಕ್ಸ್‌ನದೇ ಡ್ರೈವ್‌ಗೆ ಹೊಸದಾಗಿ ಇಳಿಸಿಕೊಳ್ಳಿ.

ಬಾಗಿಲು ತೆರೆಯದ ಆಟಗಳು

ಇದನ್ನು ಮುಚ್ಚಿಟ್ಟು ಲಿನಕ್ಸ್ ಹೊಗಳುವವರು ಹೊಸಬರಿಗೆ ಅನ್ಯಾಯ ಮಾಡುತ್ತಾರೆ. ವ್ಯಾಲೊರಂಟ್, ಫೋರ್ಟ್‌ನೈಟ್, ಲೀಗ್ ಆಫ್ ಲೆಜೆಂಡ್ಸ್, ಇತ್ತೀಚಿನ ಕಾಲ್ ಆಫ್ ಡ್ಯೂಟಿ ಇವು ಲಿನಕ್ಸ್‌ನಲ್ಲಿ ಓಡುವುದಿಲ್ಲ. ಮೋಸದಾಟ ತಡೆಯಲು ಇಂಥ ಆಟಗಳು ಆಂಟಿ-ಚೀಟ್ ಎಂಬ ಕಾವಲುಗಾರನನ್ನು ಇಟ್ಟಿವೆ. ವ್ಯಾಲೊರಂಟ್‌ನ ಕಾವಲುಗಾರ ವಿಂಡೋಸ್‌ನ ಕರ್ನಲ್‌ನೊಳಗೇ ಕೂತು ಎಲ್ಲವನ್ನೂ ನೋಡುತ್ತಾನೆ. ಲಿನಕ್ಸ್‌ನಲ್ಲಿ ಆ ಕುರ್ಚಿ ಇಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬ ಎರಡು ಕಾವಲು ತಂತ್ರಾಂಶಗಳು 2021ರಿಂದ ಪ್ರೋಟಾನ್‌ಗೆ ಒಪ್ಪಿಗೆ ಕೊಟ್ಟಿದ್ದರೂ ಅದನ್ನು ಚಾಲೂ ಮಾಡಬೇಕಾದವರು ಆಟದ ಕಂಪನಿಯವರು. ಕೊಟ್ಟದ್ದನ್ನು ಹಿಂತೆಗೆದುಕೊಳ್ಳುವುದೂ ಉಂಟು. ಏಪೆಕ್ಸ್ ಲೆಜೆಂಡ್ಸ್ ಚೆನ್ನಾಗಿಯೇ ಓಡುತ್ತಿತ್ತು, 2024ರ ಅಕ್ಟೋಬರ್ ಕೊನೆಯಲ್ಲಿ ಅದರ ಬಾಗಿಲು ಹಾಕಿದರು.

ಆದ್ದರಿಂದ ಡಿಸ್ಟ್ರೋ ಆರಿಸುವ ಮೊದಲು ಒಂದು ಹಾಳೆಯಲ್ಲಿ ನೀವು ನಿಜವಾಗಿ ಆಡುವ ಆಟಗಳ ಹೆಸರು ಬರೆಯಿರಿ. ಒಂದೊಂದನ್ನೂ ಪ್ರೋಟಾನ್‌ಡಿಬಿ ಎಂಬ ತಾಣದಲ್ಲಿ ಹುಡುಕಿ. ಆಡಿ ನೋಡಿದವರು ಅಲ್ಲಿ ಪ್ಲಾಟಿನಂ, ಚಿನ್ನ, ಬೆಳ್ಳಿ, ಕಂಚು ಎಂದು ದರ್ಜೆ ಕೊಟ್ಟಿರುತ್ತಾರೆ, ಓಡದ್ದನ್ನು ಓಡದು ಎಂದೇ ಬರೆದಿರುತ್ತಾರೆ. ಪಟ್ಟಿಯ ಮೊದಲ ಹೆಸರೇ ವ್ಯಾಲೊರಂಟ್ ಆಗಿದ್ದು, ಸಂಜೆಯ ಗೆಳೆಯರ ಬಳಗವೆಲ್ಲ ಅಲ್ಲೇ ಇದ್ದರೆ ವಿಂಡೋಸ್ ತೆಗೆಯಬೇಡಿ. ಯಾವ ಡಿಸ್ಟ್ರೋ ಹಾಕಿದರೂ ಅದನ್ನು ಓಡಿಸಲಾಗದು. ಅಕ್ಕನ ಮಗನಿಗೂ ಇದನ್ನೇ ಹೇಳಿದೆ. ಅವನು ಹಾಳೆ ತಂದು ಕೂತ. ಏಳು ಹೆಸರು ಬರೆದ, ಆರು ಓಡುವಂಥವು. ಏಳನೆಯದನ್ನು ಸ್ವಲ್ಪ ಹೊತ್ತು ನೋಡಿ, ಗೀಟು ಹಾಕದೆ ಹಾಗೇ ಬಿಟ್ಟ.

ಕುಂಚಕ್ಕೆ, ಕ್ಯಾಮೆರಾಕ್ಕೆ, ಕೊರಳಿಗೆ

ಆಟದಲ್ಲಿ ಲಿನಕ್ಸ್ ದುಭಾಷಿಯನ್ನು ಇಟ್ಟುಕೊಂಡು ನಡೆದರೆ, ಕಲೆಯಲ್ಲಿ ಅದು ಮಾತೃಭಾಷೆಯಲ್ಲೇ ಮಾತಾಡುತ್ತದೆ. ಇದಕ್ಕೆ ಬ್ಲೆಂಡರ್‌ಗಿಂತ ದೊಡ್ಡ ಸಾಕ್ಷಿ ಬೇಡ. ಈ ತ್ರಿಡಿ ತಂತ್ರಾಂಶವನ್ನು ಕಟ್ಟಿದವರು ನೆದರ್ಲೆಂಡ್ಸ್‌ನ ಟಾನ್ ರೋಸೆಂಡಾಲ್. 2002ರಲ್ಲಿ ಅವರ ಕಂಪನಿ ಮುಳುಗಿತು, ತಂತ್ರಾಂಶದ ಹಕ್ಕು ಹೂಡಿಕೆದಾರರ ಕೈಯಲ್ಲಿತ್ತು. 1 ಲಕ್ಷ ಯೂರೊ ಕೊಟ್ಟರೆ ಬಿಟ್ಟುಕೊಡುತ್ತೇವೆ ಎಂದರು. ಬಳಕೆದಾರರು ಏಳು ವಾರಗಳಲ್ಲಿ ಅಷ್ಟೂ ಹಣ ಒಟ್ಟುಮಾಡಿ ಅದನ್ನು ಬಿಡಿಸಿಕೊಂಡು ಲೋಕಕ್ಕೇ ಕೊಟ್ಟರು. ಇಪ್ಪತ್ತಮೂರನೇ ವರ್ಷಕ್ಕೆ, 2025ರ ಮಾರ್ಚ್‌ನಲ್ಲಿ, ಬ್ಲೆಂಡರ್‌ನಲ್ಲೇ ಮಾಡಿದ ಲಾಟ್ವಿಯಾದ ‘ಫ್ಲೋ’ ಚಿತ್ರಕ್ಕೆ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಆ ಚಿತ್ರ ಮಾಡಿದವರು ಬಳಸಿದ ತಂತ್ರಾಂಶವನ್ನೇ ಶಿವಮೊಗ್ಗದ ಪಿಯು ಹುಡುಗಿ ಒಂದು ಪೈಸೆ ಕೊಡದೆ, ಯಾರ ಕ್ರ್ಯಾಕ್ ಪ್ರತಿಯನ್ನೂ ಬೇಡದೆ ತನ್ನ ಯಂತ್ರಕ್ಕೆ ಇಳಿಸಿಕೊಳ್ಳಬಹುದು.

ಕೈಯಿಂದ ಚಿತ್ರ ಬಿಡಿಸುವವರಿಗೆ ಕ್ರಿಟಾ ಇದೆ. ವ್ಯಾಕಮ್ ಪೆನ್ ಟ್ಯಾಬ್ಲೆಟ್ ಸಿಕ್ಕಿಸಿದರೆ ಸಾಕು, ಡ್ರೈವರ್ ಕರ್ನಲ್‌ನೊಳಗೇ ಇದೆ. ಹುಯಾನ್, ಎಕ್ಸ್‌ಪಿ-ಪೆನ್ ಮಾದರಿಗಳಲ್ಲಿ ಹೆಚ್ಚಿನವು ನಡೆಯುತ್ತವೆ, ಕೆಲವಕ್ಕೆ ಪ್ರತ್ಯೇಕ ಡ್ರೈವರ್ ಬೇಕು. ಪೆನ್ನು ಮೆಲ್ಲಗೆ ತಾಗಿಸಿದರೆ ಎಳೆ ಸಣ್ಣಗೆ, ಒತ್ತಿದರೆ ದಪ್ಪಗೆ ಬರುತ್ತದೆಯೇ ಎಂಬುದನ್ನು ಮೊದಲ ದಿನವೇ ನೋಡಿಕೊಳ್ಳಿ. ಫೋಟೊ ತಿದ್ದಲು ಗಿಂಪ್. 2025ರಲ್ಲಿ ಬಂದ ಅದರ 3ನೇ ಆವೃತ್ತಿಯಲ್ಲಿ ಮೂಲ ಚಿತ್ರ ಕೆಡದಂತೆ ಎಫೆಕ್ಟ್ ಹಾಕಿ ಬೇಕಾದಾಗ ತೆಗೆಯಬಹುದು. ಕ್ಯಾಮೆರಾದ ರಾ ಕಡತಗಳಿಗೆ ಡಾರ್ಕ್‌ಟೇಬಲ್. ವಿಡಿಯೊಗೆ ಕೆಡೆನ್‌ಲೈವ್. ಆಟ ಆಡುತ್ತಲೇ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಲು ಒಬಿಎಸ್. ಆಟವನ್ನೇ ಕಟ್ಟುವ ಆಸೆ ಇದ್ದರೆ ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತವಾದ ಗೋಡೋ ಎಂಜಿನ್.

ಹಾಡು ರೆಕಾರ್ಡ್ ಮಾಡುವವರಿಗೆ ಒಂದು ವಿಷಯ ಬಿಡಿಸಿ ಹೇಳಬೇಕು. ಮೈಕ್ ಮುಂದೆ ಹಾಡುವಾಗ ಇಯರ್‌ಫೋನ್‌ನಲ್ಲಿ ನಿಮ್ಮ ದನಿ ತಡವಾಗಿ ಕೇಳಿದರೆ ತಾಳ ತಪ್ಪುತ್ತದೆ. ಕಂಪ್ಯೂಟರ್ ಸದ್ದನ್ನು ಕಂತು ಕಂತಾಗಿ ತೆಗೆದುಕೊಳ್ಳುವುದರಿಂದ ಈ ವಿಳಂಬ. ಸೆಕೆಂಡಿಗೆ 48,000 ಮಾದರಿಗಳ ಲೆಕ್ಕದಲ್ಲಿ 1,024ರ ಕಂತಾದರೆ ಸುಮಾರು 21 ಮಿಲಿಸೆಕೆಂಡ್, 256ರ ಕಂತಾದರೆ 5 ಮಿಲಿಸೆಕೆಂಡ್ ಚಿಲ್ಲರೆ. ಕಂತು ಚಿಕ್ಕದಾದಷ್ಟೂ ಪ್ರೊಸೆಸರ್ ಎಚ್ಚರವಾಗಿರಬೇಕು, ಇಲ್ಲವಾದರೆ ದನಿಯಲ್ಲಿ ಚಟಪಟ ಸದ್ದು. ಈಗ ಹೆಚ್ಚಿನ ಡಿಸ್ಟ್ರೋಗಳಲ್ಲಿರುವ ಪೈಪ್‌ವೈರ್ ಎಂಬ ಧ್ವನಿ ವ್ಯವಸ್ಥೆ ಇದನ್ನು ಚೆನ್ನಾಗಿ ನಿಭಾಯಿಸುತ್ತದೆ. ಉಬುಂಟು ಸ್ಟುಡಿಯೊ ಇದೇ ಕೆಲಸಕ್ಕಾಗಿ ಹದ ಮಾಡಿಯೇ ಬರುತ್ತದೆ. ರೆಕಾರ್ಡಿಂಗ್‌ಗೆ ಆರ್ಡರ್, ಸರಳ ಕತ್ತರಿಕೆಗೆ ಆಡಾಸಿಟಿ.

ಇಲ್ಲೂ ಬಾಗಿಲು ಮುಚ್ಚಿದ ಕೋಣೆಗಳಿವೆ. ಅಡೋಬಿ ತನ್ನ ಫೋಟೊಶಾಪ್, ಪ್ರೀಮಿಯರ್‌ಗಳನ್ನು ಲಿನಕ್ಸ್‌ಗೆ ಕೊಟ್ಟಿಲ್ಲ. ಡಾವಿಂಚಿ ರಿಸಾಲ್ವ್‌ಗೆ ಲಿನಕ್ಸ್ ಆವೃತ್ತಿ ಇದ್ದರೂ ಅದು ಮುಕ್ತ ತಂತ್ರಾಂಶವಲ್ಲ, ಅದರ ಉಚಿತ ಪ್ರತಿ ಮೊಬೈಲ್‌ನ ಸಾಮಾನ್ಯ ವಿಡಿಯೊ ಕಡತಗಳನ್ನು ಲಿನಕ್ಸ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ. ನಮ್ಮ ಊರುಗಳ ಡಿಟಿಪಿ ಅಂಗಡಿಗಳು ಇನ್ನೂ ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ, ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟ್‌ಗಳಲ್ಲಿ ದುಡಿಯುತ್ತಿವೆ. ಅದೇ ನಿಮ್ಮ ಹೊಟ್ಟೆಪಾಡಾಗಿದ್ದರೆ ಆ ಯಂತ್ರವನ್ನು ಮುಟ್ಟಬೇಡಿ. ಹವ್ಯಾಸಕ್ಕೆ ಬೇರೆ ಡಿಸ್ಕ್ ಇರಲಿ.

ಐದು ಕೀಲಿಯಲ್ಲಿ ‘ಚಿತ್ರ’

ಪೋಸ್ಟರ್ ಮಾಡುವ ಕನ್ನಡದ ಮಕ್ಕಳಿಗೆ ಕನ್ನಡ ಅಕ್ಷರ ಸರಿಯಾಗಿ ಮೂಡಬೇಕು. ಲಿನಕ್ಸ್‌ನಲ್ಲಿ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಒತ್ತಕ್ಷರ, ಅರ್ಕಾವತ್ತುಗಳನ್ನು ಜೋಡಿಸುತ್ತದೆ. ನಿಮ್ಮ ಆಂಡ್ರಾಯ್ಡ್ ಫೋನ್‌ನಲ್ಲಿ ಕನ್ನಡ ಮೂಡಿಸುವುದೂ ಇದೇ. ಪೋಸ್ಟರ್ ರೂಪಿಸುವ ಇಂಕ್‌ಸ್ಕೇಪ್, ಗಿಂಪ್ ಎರಡರಲ್ಲೂ ಯೂನಿಕೋಡ್ ಕನ್ನಡ ತಪ್ಪಿಲ್ಲದೆ ಬರುತ್ತದೆ. ನೋಟೊ, ಲೋಹಿತ್, ಗುಬ್ಬಿ, ನವಿಲು ಎಂಬ ಫಾಂಟ್‌ಗಳು ಉಚಿತವಾಗಿ ಸಿಗುತ್ತವೆ.

ಟೈಪ್ ಮಾಡಲು ಐಬಸ್ ಎಂಬ ಸೌಲಭ್ಯದಲ್ಲಿ ಕನ್ನಡ ಕೆಜಿಪಿ ವಿನ್ಯಾಸ ಆರಿಸಿಕೊಳ್ಳಿ. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶ ಬಳಸಿದವರೆಲ್ಲರಿಗೂ ಬೆರಳಲ್ಲೇ ಇರುವ ವಿನ್ಯಾಸ ಅದು. ಸಿ ಒತ್ತಿದರೆ ಚ, ಐ ಒತ್ತಿದರೆ ಚಿ. ಆಮೇಲೆ ಟಿ, ಎಫ್, ಆರ್. ತ ಬಂತು, ಎಫ್ ಅದರ ಸ್ವರ ಕಳೆದು ಮುಂದಿನದಕ್ಕೆ ಕೊಂಡಿ ಹಾಕಿತು, ರ ಕೆಳಗೆ ಬಂದು ಕೂತಿತು. ಐದು ಕೀಲಿ, ‘ಚಿತ್ರ’ ಸಿದ್ಧ. ಅಕ್ಕನ ಮಗಳು ಇದನ್ನು ಮೊದಲ ಸಲ ನೋಡಿದಾಗ ಎಫ್ ಕೀಲಿಯ ಮೇಲೆ ಬೆರಳಿಟ್ಟು ‘ಇದು ಒತ್ತಿಗೆ ಒತ್ತೋ ಕೀ’ ಎಂದು ತಾನೇ ಹೆಸರು ಕೊಟ್ಟಳು.

ಫ್ಲೆಕ್ಸ್ ಅಂಗಡಿಯವರು ‘ಕರ್ವ್ ಮಾಡಿ ತನ್ನಿ’ ಎನ್ನುತ್ತಾರೆ. ಇಂಕ್‌ಸ್ಕೇಪ್‌ನಲ್ಲಿ ಅದಕ್ಕೆ ‘ಆಬ್ಜೆಕ್ಟ್ ಟು ಪಾತ್’. ಅಕ್ಷರಗಳು ಆಕೃತಿಗಳಾಗಿ ಬದಲಾಗುತ್ತವೆ, ಆಮೇಲೆ ಪಿಡಿಎಫ್ ಮಾಡಿಕೊಟ್ಟರೆ ಅಂಗಡಿಯ ಯಂತ್ರದಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಚದುರುವುದಿಲ್ಲ. ಮುದ್ರಣಾಲಯದವರು ನಾಲ್ಕು ಬಣ್ಣದ ಸಿಎಂವೈಕೆ ಕಡತವೇ ಬೇಕೆಂದರೆ ಸ್ಕ್ರೈಬಸ್ ಬಳಸಿ.

ಹಾಗಾದರೆ ಯಾವುದು?

ಮೊದಲ ಸಲ ಬರುತ್ತಿರುವ, ಆಟವೂ ಬೇಕು ಚಿತ್ರವೂ ಬೇಕು ಎನ್ನುವ, ಯಂತ್ರ ನಾಲ್ಕೈದು ವರ್ಷ ಹಳೆಯದಾದ ಎಲ್ಲರಿಗೂ ನನ್ನ ಉತ್ತರ ಲಿನಕ್ಸ್ ಮಿಂಟ್, ಅದರಲ್ಲೂ ಸಿನಮನ್ ಆವೃತ್ತಿ. 2006ರಿಂದ ಬರುತ್ತಿರುವ ಮಿಂಟ್, ಉಬುಂಟುವಿನ ದೀರ್ಘಾವಧಿ ಬೆಂಬಲದ ತಳಪಾಯದ ಮೇಲೆ ನಿಂತಿದೆ. ಈಗಿನ 22ನೇ ಸರಣಿಗೆ 2029ರವರೆಗೆ ಅಪ್‌ಡೇಟ್ ಸಿಗುತ್ತದೆ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ವಿಂಡೋಸ್ ಬಿಟ್ಟುಬಂದವರ ಕೈ ತಡಕಾಡುವುದಿಲ್ಲ. ಡ್ರೈವರ್ ಮ್ಯಾನೇಜರ್ ಇದೆ. ಎಲ್ಲಕ್ಕಿಂತ ಮಿಗಿಲಾಗಿ ಟೈಮ್‌ಶಿಫ್ಟ್ ಇದೆ. ವ್ಯವಸ್ಥೆಯ ಪ್ರತಿಯನ್ನು ದಿನವೋ ವಾರವೋ ತೆಗೆದಿಡುತ್ತದೆ, ಅಪ್‌ಡೇಟ್ ಕೈಕೊಟ್ಟರೆ ನಿನ್ನೆಯ ಸ್ಥಿತಿಗೆ ಮರಳಬಹುದು. ಮೊದಲ ದಿನವೇ ಅದನ್ನು ಚಾಲೂ ಮಾಡಿ. ನಿಮ್ಮ ಫೋಟೊ, ಚಿತ್ರಗಳಿಗೆ ಮಾತ್ರ ಬೇರೆ ಬ್ಯಾಕಪ್ ಇರಲಿ, ಟೈಮ್‌ಶಿಫ್ಟ್ ಕಾಯುವುದು ವ್ಯವಸ್ಥೆಯನ್ನು.

ಹೊಸ ಯಂತ್ರ, ಆಟವೇ ಪ್ರಧಾನ ಎನ್ನುವವರಿಗೆ ಬಜೈಟ್. ಫೆಡೋರಾದಿಂದ ಕಟ್ಟಿದ್ದು, ಸ್ಟೀಮ್ ಮೊದಲೇ ಇರುತ್ತದೆ, ಎನ್‌ವಿಡಿಯಾಗೆ ಪ್ರತ್ಯೇಕ ಪ್ರತಿ ಸಿಗುತ್ತದೆ. ಇದರ ವ್ಯವಸ್ಥೆಯ ಭಾಗವನ್ನು ಸಾಮಾನ್ಯ ಬಳಕೆಯಲ್ಲಿ ಯಾರೂ ಕೆಡಿಸಲಾಗದು. ಅಪ್‌ಡೇಟ್ ಇಡಿಯಾಗಿ ಒಂದೇ ಪ್ರತಿಯಂತೆ ಬರುತ್ತದೆ, ಕೆಟ್ಟರೆ ಶುರುವಾಗುವಾಗಲೇ ಹಿಂದಿನದನ್ನು ಆರಿಸಬಹುದು. ಬೆಲೆಯೆಂದರೆ, ಒಳಗೆ ಕೈಹಾಕಿ ತಿದ್ದುವ ರೂಢಿಯ ದಾರಿಗಳು ಇಲ್ಲಿ ನಡೆಯುವುದಿಲ್ಲ.

ಸಂಗೀತ, ವಿಡಿಯೊ, ಚಿತ್ರವೇ ಮುಖ್ಯ, ಆಟ ಬಿಡುವಿಗೆ ಮಾತ್ರ ಎನ್ನುವವರಿಗೆ ಉಬುಂಟು ಸ್ಟುಡಿಯೊ. ಆರ್ಡರ್, ಕ್ರಿಟಾ, ಬ್ಲೆಂಡರ್, ಕೆಡೆನ್‌ಲೈವ್ ಎಲ್ಲ ಮೊದಲೇ ತುಂಬಿರುತ್ತವೆ, ಡೌನ್‌ಲೋಡ್ ದೊಡ್ಡದು. ಫೆಡೋರಾ, ಪಾಪ್ ಓಎಸ್, ನೋಬಾರಾ ಇವೂ ಒಳ್ಳೆಯವೇ, ಎರಡನೇ ಹೆಜ್ಜೆಗೆ ಇಟ್ಟುಕೊಳ್ಳಿ. ಆರ್ಚ್ ಕಲಿಯಲು ಚೆನ್ನ, ನಾಳೆ ಪೋಸ್ಟರ್ ಕೊಡಬೇಕಾದವರಿಗಲ್ಲ. ಕಾಲಿ ಲಿನಕ್ಸ್ ಎಂದು ಕೇಳಿಕೊಂಡು ಬರುವ ಹುಡುಗರಿಗೆ ಒಂದು ಮಾತು: ಅದು ಭದ್ರತಾ ಪರೀಕ್ಷೆ ಮಾಡುವವರ ಸಲಕರಣೆ ಪೆಟ್ಟಿಗೆ, ದಿನಬಳಕೆಗೆ ಮಾಡಿದ್ದಲ್ಲ.

ಪೆನ್‌ಡ್ರೈವ್‌ನ ರಾತ್ರಿ

ಲಿನಕ್ಸ್‌ನ ದೊಡ್ಡ ಉಪಕಾರವೆಂದರೆ ಹಾಕದೆಯೇ ಹಾಕಿ ನೋಡಬಹುದು. 8 ಜಿಬಿ ಪೆನ್‌ಡ್ರೈವ್ ಸಾಕು. ಮಿಂಟ್‌ನ ಕಡತ ಇಳಿಸಿ, ಬಲೆನಾ ಎಚರ್ ಅಥವಾ ರೂಫಸ್‌ನಿಂದ ಅದಕ್ಕೆ ಬರೆಯಿರಿ. ಯಂತ್ರ ಶುರುವಾಗುವಾಗ ಎಫ್12 ಅಥವಾ ನಿಮ್ಮ ಮಾದರಿಯ ಬೂಟ್ ಕೀಲಿ ಒತ್ತಿ ಪೆನ್‌ಡ್ರೈವ್ ಆರಿಸಿ. ಡಿಸ್ಕ್‌ನಲ್ಲಿರುವ ಒಂದಕ್ಷರವೂ ಬದಲಾಗದೆ ಪೂರ್ತಿ ವ್ಯವಸ್ಥೆ ತೆರೆದುಕೊಳ್ಳುತ್ತದೆ. ಅಲ್ಲೇ ವೈಫೈ, ಸದ್ದು, ಟಚ್‌ಪ್ಯಾಡ್, ಪರದೆಯ ಬೆಳಕು, ಮುಚ್ಚಿ ತೆರೆದಾಗ ಏಳುವುದು, ಪೆನ್ ಟ್ಯಾಬ್ಲೆಟ್ ಎಲ್ಲ ಪರೀಕ್ಷಿಸಿ. ವೈಫೈ ಬಾರದಿದ್ದರೆ ಫೋನನ್ನು ಯುಎಸ್‌ಬಿ ತಂತಿಯಲ್ಲಿ ಸಿಕ್ಕಿಸಿ ಟೆದರಿಂಗ್ ಮಾಡಿ, ಬೇಕಾದ ಡ್ರೈವರ್ ಇಳಿಸಿಕೊಳ್ಳಬಹುದು.

ಆ ರಾತ್ರಿ ನಮ್ಮನ್ನು ಕಾಯ್ದದ್ದೂ ಅದೇ. ಹಬ್ಬ ಮುಗಿಸಿ ಹೊರಡುವಾಗ ಮೇಜಿನ ಡ್ರಾಯರ್‌ನಲ್ಲಿ ಮಿಂಟ್ ಇದ್ದ ಪೆನ್‌ಡ್ರೈವ್ ಬಿಟ್ಟು ಬಂದಿದ್ದೆ.

‘ಪುಟ್ಟಿ, ಡ್ರಾಯರ್‌ನಲ್ಲಿ ಹಸಿರು ಪೆನ್‌ಡ್ರೈವ್ ಇದೆ ನೋಡು. ಅದನ್ನ ಹಾಕಿ ಆನ್ ಮಾಡು, ಎಫ್12 ಒತ್ತುತ್ತಾ ಇರು.’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, ‘ಬಂತು ಮಾಮ!’

ಫೋನಿನಲ್ಲೇ ಒಂದೊಂದಾಗಿ ಹೇಳಿದೆ. ಕಡತಗಳ ಕಿಟಕಿ ತೆರೆದು ಡಿಸ್ಕ್ ಕ್ಲಿಕ್ ಮಾಡಿದಳು, ಪೋಸ್ಟರ್ ಇದ್ದಲ್ಲೇ ಇತ್ತು. ಆ ತಾತ್ಕಾಲಿಕ ವ್ಯವಸ್ಥೆಯಲ್ಲೇ ಇಂಕ್‌ಸ್ಕೇಪ್ ಇಳಿಸಿಕೊಂಡಳು. ಬಣ್ಣ ತಿದ್ದಿ, ಅಕ್ಷರಗಳನ್ನು ಕರ್ವ್ ಮಾಡಿ, ಪಿಡಿಎಫ್ ತೆಗೆದು ಫೋನಿಗೆ ದಾಟಿಸಿದಾಗ ಹನ್ನೊಂದೂವರೆ. ಮುಂದಿನ ಭಾನುವಾರ ಮಿಂಟ್ ಅನ್ನೇ ಖಾಯಂ ಮಾಡಿದೆವು.

ನೀವು ಖಾಯಂ ಮಾಡುವ ಮುನ್ನ ಮೂರು ಎಚ್ಚರ. ಬೇಕಾದ ಕಡತಗಳ ಪ್ರತಿ ಬೇರೆ ಡಿಸ್ಕ್‌ಗೆ ಹೋಗಿರಲಿ, ಹೋಗಿದೆಯೇ ಎಂದು ತೆರೆದು ನೋಡಿ. ವಿಂಡೋಸ್ ಜೊತೆಗೇ ಇಟ್ಟುಕೊಳ್ಳುವುದಾದರೆ ಅದರ ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಿ, ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಲಿ ಬರೆದಿಟ್ಟುಕೊಳ್ಳಿ. ‘ಡಿಸ್ಕ್ ಅಳಿಸು’ ಎಂಬ ಆಯ್ಕೆಯ ಮುಂದೆ ಕೈ ನಿಲ್ಲಿಸಿ, ಇನ್ನೊಮ್ಮೆ ಓದಿ.

ಕೈಯಿಂದ ಕೈಗೆ

ತೊಡಕು ಬಂದಾಗ ಕೇಳಲು ಜನ ಇದ್ದಾರೆ. 2001ರಲ್ಲೇ ಲಿನಕ್ಸ್ ಬೆಂಗಳೂರು ಸಮ್ಮೇಳನ ಕಂಡ ಊರು ನಮ್ಮದು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ವಿದ್ಯಾರ್ಥಿಗಳ ನಡುವೆ ಕೆಲಸ ಮಾಡುತ್ತಿದೆ. ಪಕ್ಕದ ಕೇರಳದ ಶಾಲೆಗಳಲ್ಲಂತೂ ಮಕ್ಕಳು ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ. ನಿಮಗೆ ಕೋಡ್ ಬರೆಯಲು ಬಾರದಿದ್ದರೂ ಮೆನುಗಳ ಕನ್ನಡ ಅನುವಾದಕ್ಕೆ ಕೈ ಜೋಡಿಸಬಹುದು.

ನಮ್ಮ ಕಾಲೇಜು ದಿನಗಳಲ್ಲಿ ಪೆನ್‌ಡ್ರೈವ್ ಒಬ್ಬರಿಂದೊಬ್ಬರಿಗೆ ಹೋಗುತ್ತಿದ್ದದ್ದು ಕ್ರ್ಯಾಕ್ ಮಾಡಿದ ತಂತ್ರಾಂಶ ಹೊತ್ತು. ಜೊತೆಗೆ ವೈರಸ್ಸೂ ಬರುತ್ತಿತ್ತು, ಕದ್ದದ್ದು ಎಂಬ ಅಳುಕೂ ಬರುತ್ತಿತ್ತು. ಮೊನ್ನೆ ಶಿವಮೊಗ್ಗಕ್ಕೆ ಹೋದಾಗ ಡ್ರಾಯರ್ ತೆರೆದು ನೋಡಿದೆ, ಹಸಿರು ಪೆನ್‌ಡ್ರೈವ್ ಇರಲಿಲ್ಲ. ಕೇಳಿದರೆ, ‘ಕ್ಲಾಸಿನವಳೊಬ್ಬಳಿಗೆ ಕೊಟ್ಟೆ ಮಾಮ. ಅವಳದ್ದೂ ಹನ್ನೊಂದು ಬರದೇ ಇರೋ ಲ್ಯಾಪ್‌ಟಾಪು. ಅವಳು ವೀಣೆ ನುಡಿಸ್ತಾಳೆ, ಅದಕ್ಕೆ ಆಟ ಕೇಳಿಲ್ಲ, ರೆಕಾರ್ಡಿಂಗ್ ಕೇಳಿದೆ. ಕೊಡಬಹುದಲ್ವಾ?’ ಎಂದಳು.

ಕೊಡಬಹುದು. ಆ ಹಕ್ಕನ್ನು ಲೈಸೆನ್ಸೇ ಬರೆದುಕೊಟ್ಟಿದೆ. ಆದರೆ ನನಗೆ ಹಿತವೆನಿಸಿದ್ದು ಇನ್ನೊಂದು. ಕೊಡುವ ಮೊದಲು ಅವಳು ಗೆಳತಿಯನ್ನು ‘ನೀನು ಏನು ಮಾಡ್ತೀಯ’ ಎಂದು ಕೇಳಿದ್ದಳು. ದೀಪಾವಳಿಯ ದಿನ ನಾನು ಅವಳನ್ನು ಕೇಳಲು ಮರೆತ ಪ್ರಶ್ನೆ ಅದು.